ಇಪ್ಪತ್ತು ಮಂದಿಯ ವಾದ್ಯವೃಂದವನ್ನು ಒಂದು ದೇಶ ಏಕೆ ಸಾಕುತ್ತದೆ?

ಪ್ರಶ್ನೆ: ನಾನು ಶಿವಮೊಗ್ಗದ ಶಾಲಾ ಶಿಕ್ಷಕಿ. ಹನ್ನೆರಡು ವರ್ಷಗಳಿಂದ ಕರ್ನಾಟಕ ಶೈಲಿಯ ಪಿಟೀಲು ಕಲಿಯುತ್ತಿದ್ದೇನೆ. ಈಚೆಗೆ ಎಸ್ತೋನಿಯಾದ ಸಂಗೀತಕರ್ತ ಆರ್ವೋ ಪ್ಯಾರ್ಟ್ ಅವರ ‘ತಾಬುಲಾ ರಾಸಾ’ ಎಂಬ ಕೃತಿಯ ಹಳೆಯ ಧ್ವನಿಮುದ್ರಣವೊಂದನ್ನು ಕೇಳಿದೆ. ನುಡಿಸಿದವರು ಲಿಥುವೇನಿಯನ್ ಚೇಂಬರ್ ಆರ್ಕೆಸ್ಟ್ರಾ ಎಂದು ಬರೆದಿತ್ತು. ಚೇಂಬರ್ ಆರ್ಕೆಸ್ಟ್ರಾ ಎಂದರೆ ಏನು? ನಮ್ಮ ಒಂದೆರಡು ಜಿಲ್ಲೆಗಳಷ್ಟು ಜನಸಂಖ್ಯೆಯ ದೇಶವೊಂದು ದೊಡ್ಡ ಸಿಂಫನಿ ಆರ್ಕೆಸ್ಟ್ರಾದ ಜೊತೆಗೆ ಇದನ್ನೂ ಸರ್ಕಾರಿ ಹಣದಲ್ಲಿ ನಡೆಸುವುದೇಕೆ? ಎದುರಿಗೆ ನಿಂತು ಕೈಸನ್ನೆಯಿಂದ ನಡೆಸುವ ಕಂಡಕ್ಟರ್ ಇಲ್ಲದೆಯೂ ಇಂಥ ತಂಡಗಳು ನುಡಿಸುವುದನ್ನು ವಿಡಿಯೊಗಳಲ್ಲಿ ನೋಡಿದ್ದೇನೆ, ಅದು ಹೇಗೆ ಸಾಧ್ಯ? ಕೊನೆಯದಾಗಿ ಒಂದು ಸಣ್ಣ ಸಂದೇಹ: ನಾನು ಕೇಳಿದ ಧ್ವನಿಮುದ್ರಣ ಕೊನೆಯಲ್ಲಿ ಕತ್ತರಿಸಿ ಹೋದಂತೆ ನಿಲ್ಲುತ್ತದೆ. ನನಗೆ ಸಿಕ್ಕಿದ ಪ್ರತಿಯೇ ಅಪೂರ್ಣವೇ?

ಉತ್ತರ: ನಿಮ್ಮ ಕೊನೆಯ ಸಂದೇಹ ಸಣ್ಣದೇನೂ ಅಲ್ಲ. ಅದನ್ನು ಕೊನೆಗೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅಷ್ಟರಲ್ಲಿ ಉಳಿದ ಪ್ರಶ್ನೆಗಳು ತಿಳಿಯಾಗಿದ್ದರೆ ಅದರ ಉತ್ತರ ಕಿವಿಗೇ ಸಿಗುತ್ತದೆ.

ಮೊದಲು ಪದವನ್ನು ಬಿಡಿಸಿಕೊಳ್ಳೋಣ. ನಮ್ಮ ಊರುಗಳಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶೋತ್ಸವದ ಪೆಂಡಾಲಿನಲ್ಲಿ ಕೀಬೋರ್ಡು, ರಿದಂ ಪ್ಯಾಡುಗಳೊಂದಿಗೆ ಚಿತ್ರಗೀತೆ ಹಾಡುವ ತಂಡ. ಯುರೋಪಿನಲ್ಲಿ ಆ ಪದಕ್ಕೆ ಬರೆದಿಟ್ಟ ಸಂಗೀತವನ್ನು ಬರೆದಂತೆಯೇ ನುಡಿಸುವ ವಾದ್ಯವೃಂದ ಎಂಬ ಅರ್ಥ. ಚೇಂಬರ್ ಎಂದರೆ ಕೋಣೆ. ದೇವಾಲಯದಲ್ಲಿ ಹಾಡುವ ಸಂಗೀತ, ರಂಗಮಂದಿರದ ಸಂಗೀತ, ಅರಮನೆಯ ಕೋಣೆಯ ಸಂಗೀತ ಎಂದು ಅಲ್ಲಿನವರು ಹದಿನೇಳನೆಯ ಶತಮಾನದಲ್ಲಿಯೇ ಬೇರೆ ಬೇರೆಯಾಗಿ ಗುರುತಿಸುತ್ತಿದ್ದರು. ಆ ಮೂರನೆಯ ಬಗೆಯಿಂದ ಹೆಸರು ಬಂದಿದೆ. ಆಸ್ಟ್ರಿಯಾದ ಸಂಗೀತಕರ್ತ ಹೈಡನ್ 1761ರಲ್ಲಿ ಎಸ್ಟರ್‌ಹಾಜಿ ಮನೆತನದ ಚಾಕರಿಗೆ ಸೇರಿದಾಗ ಅವನ ಕೈಗೆ ಬಂದದ್ದು ಇಂಥದೊಂದು ಕಿರು ವೃಂದ. ಅವನ ಸಿಂಫನಿಗಳಲ್ಲಿ (ಇಡೀ ವೃಂದಕ್ಕೆಂದು ಬರೆದ ದೀರ್ಘ ಕೃತಿಗಳಲ್ಲಿ) ಹಲವು ಈಗ ನಾವು ಚೇಂಬರ್ ಆರ್ಕೆಸ್ಟ್ರಾ ಎಂದು ಕರೆಯುವ ಗಾತ್ರಕ್ಕೇ ಹುಟ್ಟಿದವು. 1772ರಲ್ಲಿ ಬೇಸಿಗೆಯ ಅರಮನೆಯ ವಾಸ ಮುಗಿಯದೆ ವಾದಕರು ಮನೆಯವರನ್ನು ನೋಡಲಾಗದೆ ಬೇಸತ್ತಿದ್ದಾಗ, ಅವನು ಬರೆದ ಸಿಂಫನಿಯ ಕೊನೆಯಲ್ಲಿ ಒಬ್ಬೊಬ್ಬರಾಗಿ ವಾದಕರು ತಮ್ಮ ಪಾಲು ಮುಗಿಸಿ, ದೀಪ ಆರಿಸಿ, ಎದ್ದು ಹೋಗುತ್ತಾರೆ. ಎರಡು ಪಿಟೀಲುಗಳಷ್ಟೇ ಉಳಿಯುತ್ತವೆ. ದೊರೆಗೆ ಅರ್ಥವಾಯಿತು. ಎದ್ದು ಹೋದ ಪ್ರತಿಯೊಬ್ಬರ ಕೊರತೆಯೂ ಕಿವಿಗೆ ಗೊತ್ತಾಗುತ್ತದೆಂದೇ ಆ ಮನವಿ ಮುಟ್ಟಿತು. ತೊಂಬತ್ತು ಮಂದಿಯ ವೃಂದದಲ್ಲಿ ಒಬ್ಬರು ಎದ್ದು ಹೋದರೆ ಯಾರಿಗೂ ಕೇಳಿಸದು.

ಸಂಖ್ಯೆಯಲ್ಲಿ ಹೇಳುವುದಾದರೆ, ಇಂದಿನ ಸಿಂಫನಿ ಆರ್ಕೆಸ್ಟ್ರಾದಲ್ಲಿ ಎಂಬತ್ತರಿಂದ ನೂರು ಮಂದಿ ಇರುತ್ತಾರೆ. ತಂತಿವಾದ್ಯಗಳ ಚೇಂಬರ್ ಆರ್ಕೆಸ್ಟ್ರಾದಲ್ಲಿ ಹದಿನೈದರಿಂದ ಇಪ್ಪತ್ತೈದು. ರಷ್ಯಾದ ಸಂಗೀತಕರ್ತ ಶೊಸ್ತಕೋವಿಚ್ ತಮ್ಮ 14ನೆಯ ಸಿಂಫನಿಯನ್ನು ಇಂಥ ತಂಡಕ್ಕೆಂದು ಬರೆದಾಗ 10 ವಯಲಿನ್, 4 ವಿಯೋಲಾ, 3 ಚೆಲ್ಲೊ, 2 ಡಬಲ್ ಬಾಸ್ ಎಂದು ಲೆಕ್ಕ ಹಾಕಿ ಬರೆದರು. ವಿಯೋಲಾ ಎಂದರೆ ನಮ್ಮ ಪಿಟೀಲಿಗಿಂತ ತುಸು ದೊಡ್ಡದು, ದನಿ ತಗ್ಗು. ಚೆಲ್ಲೊ ಕುಳಿತು ಮೊಣಕಾಲುಗಳ ನಡುವೆ ಹಿಡಿದು ನುಡಿಸುವಂಥದು. ಡಬಲ್ ಬಾಸ್ ಆಳೆತ್ತರದ್ದು. ಬೇಕಾದಾಗ ಒಂದೆರಡು ಓಬೊ, ಹಾರ್ನ್ ಎಂಬ ಊದುವಾದ್ಯಗಳು, ಹಾರ್ಪ್ಸಿಕಾರ್ಡ್ ಎಂಬ ಹಳೆಯ ಕೀಲಿವಾದ್ಯ ಸೇರುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಸಭಾಂಗಣಗಳು ಬೆಳೆದವು, ವೃಂದಗಳೂ ಬೆಳೆದವು. 1910ರಲ್ಲಿ ಮ್ಯೂನಿಕ್ಕಿನಲ್ಲಿ ಮಾಹ್ಲರ್ ಅವರ ಎಂಟನೆಯ ಸಿಂಫನಿ ಮೊದಲ ಬಾರಿಗೆ ನಡೆದಾಗ ವೇದಿಕೆಯ ಮೇಲೆ ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಕೋಣೆಯ ವೃಂದ ಬಹುಮಟ್ಟಿಗೆ ಮರೆಗೆ ಸರಿಯಿತು. ಅದನ್ನು ಹಿಂದಕ್ಕೆ ಕರೆತಂದವರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಸಾಖರ್ ಅವರ ಹೆಸರನ್ನು ನಾನು ಮೊದಲು ಹೇಳುತ್ತೇನೆ. 1926ರಲ್ಲಿ ಬಾಸೆಲ್ ಚೇಂಬರ್ ಆರ್ಕೆಸ್ಟ್ರಾವನ್ನು ಕಟ್ಟಿದ ಅವರು ಹಳೆಯ ಸಂಗೀತವನ್ನು ನುಡಿಸಿ ಸುಮ್ಮನಾಗಲಿಲ್ಲ, ಬದುಕಿರುವ ಸಂಗೀತಗಾರರಿಗೆ ಹಣ ಕೊಟ್ಟು ಹೊಸದನ್ನು ಬರೆಸಿದರು. 1939ರ ಆಗಸ್ಟಿನಲ್ಲಿ, ಯುದ್ಧ ಬಾಗಿಲಲ್ಲಿ ನಿಂತಿದ್ದಾಗ, ಹಂಗೇರಿಯ ಸಂಗೀತಕರ್ತ ಬಾರ್ಟೋಕ್ ಅವರನ್ನು ಆಲ್ಪ್ಸ್ ತಪ್ಪಲಿನ ಸಾನೆನ್‌ನ ಮನೆಯೊಂದರಲ್ಲಿ ಇರಿಸಿ, ಎಲ್ಲ ಅನುಕೂಲವನ್ನೂ ಒದಗಿಸಿದರು. ಸುಮಾರು ಹದಿನೈದು ದಿನಗಳಲ್ಲಿ ಅಲ್ಲಿ ಬರೆದು ಮುಗಿದ ‘ಡಿವರ್ಟಿಮೆಂಟೊ’ವನ್ನು ಇಂದು ನುಡಿಸದ ತಂತಿವಾದ್ಯ ವೃಂದ ಇಲ್ಲ. ಚೇಂಬರ್ ಆರ್ಕೆಸ್ಟ್ರಾದ ನಿಜವಾದ ಕೆಲಸವೇನು ಎಂದು ಯಾರಾದರೂ ಕೇಳಿದರೆ ನಾನು ಈ ಘಟನೆಯನ್ನೇ ಹೇಳುವುದು. ಹೊಸ ಕೃತಿ ಹುಟ್ಟಲು ಇಂಥ ವೃಂದ ಎಡೆ ಮಾಡಿಕೊಡಬಲ್ಲದು, ಅದರ ಗಾತ್ರವೇ ಅದಕ್ಕೆ ಅನುಕೂಲ. ಇಪ್ಪತ್ತು ಮಂದಿಯನ್ನು ಒಂದು ಹೊಸ ಕೃತಿಗೆ ಒಪ್ಪಿಸುವುದು ನೂರು ಮಂದಿಯನ್ನು ಒಪ್ಪಿಸುವಷ್ಟು ಕಷ್ಟವಲ್ಲ.

ಎರಡನೆಯ ಮಹಾಯುದ್ಧದ ನಂತರ ಇಂಥ ತಂಡಗಳು ಒಂದರ ಹಿಂದೊಂದು ತಲೆಯೆತ್ತಿದವು. 1945ರಲ್ಲಿ ಸ್ಟುಟ್‌ಗಾರ್ಟ್, 1951ರಲ್ಲಿ ಪ್ರಾಗ್, ಅದೇ ಸುಮಾರಿಗೆ ರೋಮಿನ ‘ಈ ಮೂಸಿಚಿ’, 1953ರಲ್ಲಿ ಝಾಗ್ರೆಬ್, 1955ರಲ್ಲಿ ರುಡೋಲ್ಫ್ ಬರ್ಶಾಯ್ ಅವರ ಮಾಸ್ಕೊ ಚೇಂಬರ್ ಆರ್ಕೆಸ್ಟ್ರಾ. ಕಾರಣಗಳು ಸರಳ. ಯುದ್ಧದಲ್ಲಿ ನೊಂದ ನಗರಗಳಿಗೆ ಇಪ್ಪತ್ತು ಮಂದಿಯ ಸಂಬಳ ನಿಭಾಯಿಸಬಹುದಾದ ಖರ್ಚು. ಇಡೀ ತಂಡ ಒಂದು ಬಸ್ಸಿನಲ್ಲಿ ಹಿಡಿಸುತ್ತದೆ. ಅದೇ ಹೊತ್ತಿಗೆ ಬಂದ ಎಲ್‌ಪಿ ತಟ್ಟೆಗಳು ವಿವಾಲ್ಡಿಯಂಥ ಹಳೆಯ ಸಂಗೀತಕರ್ತರನ್ನು ಮನೆಮನೆಗೆ ತಲುಪಿಸಿದವು.

ಈಗ ನೀವು ಕೇಳಿದ ತಂಡ. ಬಾಲ್ಟಿಕ್ ಸಮುದ್ರದ ತೀರದ ಲಿಥುವೇನಿಯಾ 1940ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಸೇರಿಸಿಕೊಳ್ಳಲ್ಪಟ್ಟ ನಾಡು. ಅದರ ರಾಜಧಾನಿ ವಿಲ್ನಿಯಸ್‌ನಲ್ಲಿ 1960ರಲ್ಲಿ, ಆಗಿನ್ನೂ ಮೂವತ್ತೊಂದು ವಯಸ್ಸಿನ ಸೌಲಿಯುಸ್ ಸೊಂಡೆಟ್ಸ್‌ಕಿಸ್ ಎಂಬ ಪಿಟೀಲು ಶಿಕ್ಷಕರು ಲಿಥುವೇನಿಯನ್ ಚೇಂಬರ್ ಆರ್ಕೆಸ್ಟ್ರಾವನ್ನು ಕಟ್ಟಿದರು. 2004ರವರೆಗೆ, ಎಂದರೆ ನಾಲ್ಕು ದಶಕಕ್ಕೂ ಮಿಕ್ಕಿ, ಅವರೇ ಅದನ್ನು ನಡೆಸಿದರು. ಹೆಸರಿನಲ್ಲಿ ‘ರಾಷ್ಟ್ರೀಯ’ ಎಂಬ ಪದವಿಲ್ಲ. 1962ರಲ್ಲಿ ಝರೆಹ್ ಸಹಕ್ಯಾಂಟ್ಸ್ ಕಟ್ಟಿದ ಅರ್ಮೇನಿಯಾದ ತಂಡ ಆ ಪದವನ್ನು ಹೆಸರಿನಲ್ಲಿಯೇ ಇಟ್ಟುಕೊಂಡಿದೆ. ಆದರೆ ಲಿಥುವೇನಿಯಾದ ತಂಡ ಅಲ್ಲಿನ ರಾಷ್ಟ್ರೀಯ ಫಿಲ್ಹಾರ್ಮೊನಿಕ್ ಸಂಸ್ಥೆಯ ಆಶ್ರಯದಲ್ಲಿದೆ, ರಾಷ್ಟ್ರೀಯ ಸಿಂಫನಿ ಆರ್ಕೆಸ್ಟ್ರಾದ ಜೊತೆಗೆ ಅದೇ ಸೂರಿನಡಿ ನುಡಿಸುತ್ತದೆ. ಆ ಕಟ್ಟಡವೂ ಸಾಮಾನ್ಯದ್ದಲ್ಲ. 1902ರಲ್ಲಿ ಕಟ್ಟಿದ ಆ ಸಭಾಂಗಣದಲ್ಲಿಯೇ 1905ರ ಡಿಸೆಂಬರಿನಲ್ಲಿ ಲಿಥುವೇನಿಯಾದ ಪ್ರತಿನಿಧಿಗಳು ಮಹಾಸಭೆ ಸೇರಿ ರಷ್ಯಾದ ಚಕ್ರಾಧಿಪತ್ಯದೊಳಗೆ ತಮಗೆ ಸ್ವಯಮಾಡಳಿತ ಬೇಕೆಂದು ಕೇಳಿದ್ದರು.

ಸೊಂಡೆಟ್ಸ್‌ಕಿಸ್ ಅವರ ಜಾಣ್ಮೆ ನನಗೆ ಹೆಚ್ಚಾಗಿ ಕಾಣುವುದು ಅವರು ವೇದಿಕೆಯ ಹಿಂದೆ ಮಾಡಿದ ಕೆಲಸದಲ್ಲಿ. ವಿಲ್ನಿಯಸ್‌ನ ಚುರ್ಲಿಯೋನಿಸ್ ಕಲಾಶಾಲೆಯಲ್ಲಿ (ಚುರ್ಲಿಯೋನಿಸ್ ಲಿಥುವೇನಿಯಾದ ಸಂಗೀತಕಾರ, ಚಿತ್ರಕಾರ ಎರಡೂ ಆಗಿದ್ದವರು, 1911ರಲ್ಲಿ ಮೂವತ್ತೈದರ ಹರೆಯದಲ್ಲಿ ತೀರಿಕೊಂಡರು) ಮಕ್ಕಳ ತಂತಿವಾದ್ಯ ವೃಂದವನ್ನು ಅವರೇ ತಿದ್ದಿ ಬೆಳೆಸಿದರು. 1976ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಹರ್ಬರ್ಟ್ ಫಾನ್ ಕರಾಯಾನ್ ಹೆಸರಿನ ಯುವ ವೃಂದಗಳ ಸ್ಪರ್ಧೆಯಲ್ಲಿ ಆ ಶಾಲೆಯ ಮಕ್ಕಳು ಮೊದಲ ಬಹುಮಾನ ತಂದರು. ನಮ್ಮಲ್ಲಿ ಗುರುಗಳು ಶಿಷ್ಯರನ್ನು ಕಚೇರಿಯಲ್ಲಿ ಹಿಂದೆ ಕೂರಿಸಿಕೊಂಡು ಹಾಡಿಸುವಂತೆ, ಶಾಲೆಯ ಬೆಂಚಿನಿಂದ ವೃಂದದ ಕುರ್ಚಿಯವರೆಗೆ ಒಂದೇ ಕೈಯ ಪಾಠ ಹರಿದದ್ದರಿಂದ ಆ ತಂಡದ ತಂತಿಗಳಿಗೆ ಒಂದೇ ಮನೆಯ ದನಿ ಬಂತು. ದೊಡ್ಡ ನಗರಗಳ ವೃಂದಗಳು ಹತ್ತು ದೇಶಗಳಿಂದ ವಾದಕರನ್ನು ಆರಿಸಬಲ್ಲವು. ಸಣ್ಣ ನಾಡು ತನ್ನ ಮಕ್ಕಳನ್ನು ತಾನೇ ತಯಾರು ಮಾಡಿಕೊಳ್ಳಬೇಕು.

1977ಕ್ಕೆ ಬರೋಣ, ಏಕೆಂದರೆ ನೀವು ಕೇಳಿದ ಧ್ವನಿಮುದ್ರಣ ಆ ವರ್ಷದ ನವೆಂಬರ್ ತಿಂಗಳದು. ರಷ್ಯಾದ ಆಲ್ಫ್ರೆಡ್ ಶ್ನಿಟ್ಕೆ ಅವರು ಎರಡು ವಯಲಿನ್, ಹಾರ್ಪ್ಸಿಕಾರ್ಡ್, ಸಿದ್ಧಪಡಿಸಿದ ಪಿಯಾನೊ, ತಂತಿವಾದ್ಯ ವೃಂದ ಇವಿಷ್ಟಕ್ಕೆ ‘ಕಾಂಚೆರ್ಟೊ ಗ್ರಾಸೊ’ (ಕೆಲವು ಸೋಲೊ ವಾದ್ಯಗಳೂ ವೃಂದವೂ ಸೇರಿ ನುಡಿಸುವ ಕೃತಿ) ಒಂದನ್ನು ಬರೆದಿದ್ದರು. ಎಸ್ತೋನಿಯಾದ ಕಂಡಕ್ಟರ್ ಎರಿ ಕ್ಲಾಸ್ ಅದನ್ನು ನುಡಿಸುವ ಕಾರ್ಯಕ್ರಮಕ್ಕೆಂದು, ಅಂಥವೇ ವಾದ್ಯಗಳಿಗೆ ಇನ್ನೊಂದು ಕೃತಿ ಬೇಕೆಂದು ತಮ್ಮ ದೇಶದವರೇ ಆದ ಆರ್ವೋ ಪ್ಯಾರ್ಟ್ ಅವರನ್ನು ಕೇಳಿದರು. ಹೀಗೆ ಹುಟ್ಟಿದ ‘ತಾಬುಲಾ ರಾಸಾ’ 30 ಸೆಪ್ಟೆಂಬರ್ 1977ರಂದು ತಾಲಿನ್ ನಗರದಲ್ಲಿ ಮೊದಲು ಕೇಳಿಬಂತು. ಪಿಟೀಲು ನುಡಿಸಿದವರು ಗಿಡೋನ್ ಕ್ರೆಮರ್, ತತ್ಯಾನಾ ಗ್ರಿಂಡೆಂಕೊ. ಪಿಯಾನೊ ಮುಂದೆ ಕುಳಿತವರು ಸ್ವತಃ ಶ್ನಿಟ್ಕೆ. ಸಿದ್ಧಪಡಿಸಿದ ಪಿಯಾನೊ ಎಂದರೆ ಅದರ ಒಳಗಿನ ತಂತಿಗಳ ನಡುವೆ ಲೋಹದ ತಿರುಪುಗಳಂಥ ವಸ್ತುಗಳನ್ನು ಸಿಕ್ಕಿಸಿ ದನಿಯನ್ನು ಮಾರ್ಪಡಿಸಿದ್ದು. ಕೀಲಿ ಒತ್ತಿದರೆ ದೂರದ ಗುಡಿಯ ಗಂಟೆಯನ್ನೂ ಜಾಗಟೆಯನ್ನೂ ಒಟ್ಟಿಗೆ ತಟ್ಟಿದಂತೆ ಕೇಳಿಸುತ್ತದೆ.

ಮುಂದಿನ ಸಂಗತಿ ನಿಮ್ಮ ‘ಏಕೆ’ ಎಂಬ ಪ್ರಶ್ನೆಗೆ ನೇರವಾಗಿ ತಗಲುತ್ತದೆ. ಶ್ನಿಟ್ಕೆ ಅವರ ಸಂಗೀತವನ್ನು ಸೋವಿಯತ್ ಅಧಿಕಾರಿಗಳು ಅನುಮಾನದಿಂದ ನೋಡುತ್ತಿದ್ದರು. ಅವರ ಮೊದಲ ಸಿಂಫನಿ 1974ರಲ್ಲಿ ಬೆಳಕು ಕಂಡದ್ದು ಮಾಸ್ಕೊದಲ್ಲಿ ಅಲ್ಲ, ವಿದೇಶೀಯರಿಗೆ ಪ್ರವೇಶವಿಲ್ಲದಿದ್ದ ಗೋರ್ಕಿ ನಗರದಲ್ಲಿ. ಹೊರದೇಶಕ್ಕೆ ಹೋಗಲು ಸಂಗೀತಕರ್ತರಾಗಿ ಅವರಿಗೆ ಅನುಮತಿ ಸಿಗುವುದು ದುಸ್ತರವಾಗಿತ್ತು. 1977ರ ಶರತ್ಕಾಲದಲ್ಲಿ ಲಿಥುವೇನಿಯನ್ ಚೇಂಬರ್ ಆರ್ಕೆಸ್ಟ್ರಾ ಆಸ್ಟ್ರಿಯಾ, ಪಶ್ಚಿಮ ಜರ್ಮನಿಗಳಿಗೆ ಹೊರಟಾಗ ಅವರು ಕೀಲಿವಾದ್ಯ ನುಡಿಸುವವರಾಗಿ ಆ ತಂಡದಲ್ಲಿ ಒಬ್ಬರಾದರು. ಬಾಲ್ಯದ ಎರಡು ವರ್ಷಗಳನ್ನು ವಿಯೆನ್ನಾದಲ್ಲಿ ಕಳೆದಿದ್ದ, ಅಲ್ಲಿಯೇ ಸಂಗೀತಪಾಠ ಆರಂಭಿಸಿದ್ದ ಮನುಷ್ಯ ಹೀಗೆ ವಾದಕರ ಪಟ್ಟಿಯಲ್ಲಿ ಸೇರಿ ಗಡಿ ದಾಟಿದರು. ಬಾನ್ ನಗರದಲ್ಲಿ ಆ ತಂಡ ಸೊಂಡೆಟ್ಸ್‌ಕಿಸ್ ನಿರ್ದೇಶನದಲ್ಲಿ ‘ತಾಬುಲಾ ರಾಸಾ’ವನ್ನು ನುಡಿಸಿದ್ದನ್ನು ಪಶ್ಚಿಮ ಜರ್ಮನಿಯ ರೇಡಿಯೊ ಸಂಸ್ಥೆ ಧ್ವನಿಮುದ್ರಿಸಿಕೊಂಡಿತು. 1980ರಲ್ಲಿ ಪ್ಯಾರ್ಟ್ ದೇಶ ಬಿಟ್ಟರು. ಜರ್ಮನಿಯ ಇಸಿಎಂ ಎಂಬ ಧ್ವನಿಮುದ್ರಣ ಸಂಸ್ಥೆಯ ಮಾನ್‌ಫ್ರೆಡ್ ಐಷರ್ ಒಂದು ದಿನ ಕಾರಿನಲ್ಲಿ ಹೋಗುವಾಗ ರೇಡಿಯೊದಲ್ಲಿ ಪ್ಯಾರ್ಟ್ ಅವರ ಸಂಗೀತ ಕೇಳಿ, ಅದು ಯಾರದೆಂದು ಹುಡುಕಿ, 1984ರಲ್ಲಿ ಅದಕ್ಕಾಗಿಯೇ ಒಂದು ಹೊಸ ಮಾಲಿಕೆಯನ್ನು ಆರಂಭಿಸಿದರು. ಅದರ ಮೊದಲ ತಟ್ಟೆಯಲ್ಲಿ ಬಾನ್‌ನ ಆ ಧ್ವನಿಮುದ್ರಣ ಇದೆ. ಪ್ಯಾರ್ಟ್ ಎಂಬ ಹೆಸರು ಜಗತ್ತಿಗೆ ಪರಿಚಯವಾದದ್ದು ಬಹುಮಟ್ಟಿಗೆ ಆ ತಟ್ಟೆಯಿಂದ. ಸಭಿಕರ ಕೆಮ್ಮು ಕೂಡ ಅದರಲ್ಲಿ ಕೇಳಿಸುತ್ತದೆ. ಹೊಸ, ನುಣುಪಾದ ಮುದ್ರಣಗಳು ಎಷ್ಟೋ ಬಂದಿವೆ, ಆದರೂ ನಾನು ಮತ್ತೆ ಮತ್ತೆ ಹಾಕಿ ಕೇಳುವುದು ಅದನ್ನೇ.

ತನ್ನದಲ್ಲದ ಚಕ್ರಾಧಿಪತ್ಯದ ಒಳಗಿದ್ದ ಲಿಥುವೇನಿಯಾದಂಥ ಸಣ್ಣ ನಾಡಿನ ಇಪ್ಪತ್ತು ಮಂದಿ ವಾದಕರು, ಎಸ್ತೋನಿಯಾದವರೊಬ್ಬರ ಸಂಗೀತವನ್ನೂ ರಷ್ಯಾದವರೊಬ್ಬರನ್ನೂ ಜೊತೆಗೆ ಕರೆದುಕೊಂಡು ಗಡಿಯಾಚೆ ಹೋಗಿ ಬಂದರು. ರಾಷ್ಟ್ರೀಯ ವೃಂದ ಎಂಬ ಮಾತಿಗೆ ನಾನು ಕೊಡುವ ಅರ್ಥ ಇದು. ಗಣರಾಜ್ಯೋತ್ಸವದ ದಿನ ರಾಷ್ಟ್ರಗೀತೆ ನುಡಿಸುವುದು ಅದರ ಕೆಲಸದ ಅತಿ ಚಿಕ್ಕ ಪಾಲು.

ಇನ್ನು ಕಂಡಕ್ಟರ್ ಇಲ್ಲದೆ ಹೇಗೆ ಎಂಬ ಪ್ರಶ್ನೆ. ಸೊಂಡೆಟ್ಸ್‌ಕಿಸ್ ತಾವೇ ಎದುರಿಗೆ ನಿಂತು ನಿರ್ದೇಶಿಸುತ್ತಿದ್ದರು, ಆದ್ದರಿಂದ ನೀವು ಕೇಳಿದ ಮುದ್ರಣದಲ್ಲಿ ಕಂಡಕ್ಟರ್ ಇದ್ದಾರೆ. ಆದರೆ 2008ರ ನಂತರ ಆ ತಂಡದ ಹೊಣೆ ಹೊತ್ತ ಸೆರ್ಗೆಯ್ ಕ್ರಿಲೋವ್ ಪಿಟೀಲುವಾದಕರು. ಹಲವು ಕೃತಿಗಳನ್ನು ಪಿಟೀಲು ನುಡಿಸುತ್ತಲೇ ನಡೆಸುತ್ತಾರೆ. ಮಾಸ್ಕೊದಲ್ಲಿ 1922ರಲ್ಲಿಯೇ ಕಂಡಕ್ಟರ್ ಇಲ್ಲದ ಇಡೀ ಸಿಂಫನಿ ವೃಂದವೊಂದು ಹುಟ್ಟಿ ಹತ್ತು ವರ್ಷ ಬಾಳಿತು. ಪ್ರಾಗ್‌ನ ತಂಡ ಆರಂಭದಿಂದಲೂ ಕಂಡಕ್ಟರ್ ಇಲ್ಲದೆಯೇ ನಡೆಯಿತು.

ಇದರ ಗುಟ್ಟು ಉಸಿರಿನಲ್ಲಿದೆ. ಮೊದಲ ಕುರ್ಚಿಯ ಪಿಟೀಲುವಾದಕರು, ಅಂದರೆ ಕಾನ್ಸರ್ಟ್‌ಮಾಸ್ಟರ್, ಕೃತಿಯ ಮೊದಲ ಸ್ವರಕ್ಕೆ ಒಂದು ಎಣಿಕೆ ಮುಂಚೆ ಮೂಗಿನಿಂದ ಉಸಿರೆಳೆದುಕೊಳ್ಳುತ್ತಾರೆ. ಅದರೊಂದಿಗೆ ಪಿಟೀಲಿನ ತಲೆ ತುಸು ಮೇಲೇಳುತ್ತದೆ. ಆ ಉಸಿರಿನ ಉದ್ದವೇ ಲಯ, ಅದರ ರಭಸವೇ ದನಿಯ ಗಟ್ಟಿತನ. ನಿಧಾನವಾಗಿ ಎಳೆದರೆ ವಿಳಂಬ, ಚುರುಕಾಗಿ ಎಳೆದರೆ ದ್ರುತ. ಮೃದಂಗದವರು ಗಾಯಕರ ಎತ್ತುಗಡೆಯನ್ನು ಹಿಡಿಯುವಾಗ ಬಾಯಿ ತೆರೆಯುವ ಮುನ್ನವೇ ಮುಖ ನೋಡಿ ತಿಳಿದುಕೊಳ್ಳುತ್ತಾರಲ್ಲ, ಹಾಗೆಯೇ. ಬೆಂಗಳೂರಿನಲ್ಲಿ ನಾನು ಕೆಲವು ವರ್ಷ ವಿಯೋಲಾ ನುಡಿಸುತ್ತಿದ್ದ ಸಣ್ಣ ತಂಡವೊಂದರಲ್ಲಿ ನಮ್ಮ ಗುರುಗಳು ತಾಲೀಮಿನ ಮೊದಲ ಹತ್ತು ನಿಮಿಷ ಕುರ್ಚಿಗಳನ್ನೆಲ್ಲ ಹೊರಮುಖವಾಗಿ ತಿರುಗಿಸಿ ಇಡಿಸುತ್ತಿದ್ದರು. ಒಬ್ಬರಿಗೊಬ್ಬರು ಬೆನ್ನು, ಎದುರಿಗೆ ಗೋಡೆ. ಚೈಕೋವ್‌ಸ್ಕಿಯವರ ಸೆರೆನೇಡಿನ ಮೊದಲ ಸ್ವರಗುಚ್ಛವನ್ನು, ಹದಿನಾರು ಮಂದಿ, ಬರಿಯ ಉಸಿರು ಕೇಳಿ ಒಟ್ಟಿಗೆ ಹಿಡಿಯಬೇಕು. ಮೊದಲ ವಾರ ಅದು ಹುರಿಗಾಳು ಚೆಲ್ಲಿದಂತೆ ಉದುರುತ್ತಿತ್ತು. ಮೂರನೆಯ ವಾರ ಒಂದು ಸಂಜೆ ಅದು ಒಂದೇ ಸ್ವರವಾಗಿ ಬಂತು. ಬಂದಾಗ ಹಿಂದಿನ ಸಾಲಿನ ಡಬಲ್ ಬಾಸ್‌ನ ಕಂಪನ ಮರದ ನೆಲದ ಮೂಲಕ ನನ್ನ ಕಾಲಿಗೆ ಬಂದದ್ದು ಇಂದಿಗೂ ನೆನಪಿದೆ.

ನಿಮಗೆ ಇನ್ನೊಂದು ಸಂಗತಿ ಆಸಕ್ತಿ ಹುಟ್ಟಿಸಬಹುದು. ನಮ್ಮ ಪದ್ಧತಿಯಲ್ಲಿ ಕಮಾನನ್ನು ಎಲ್ಲಿ ತಿರುಗಿಸಬೇಕು ಎಂಬುದನ್ನು ಬಹುಮಟ್ಟಿಗೆ ಸಾಹಿತ್ಯದ ಅಕ್ಷರವೂ ವಾದಕರ ಮನೋಧರ್ಮವೂ ನಿರ್ಧರಿಸುತ್ತವೆ. ಇಲ್ಲಿ ಒಂದು ವಿಭಾಗದ ಅಷ್ಟೂ ಮಂದಿ ಒಂದೇ ಸ್ವರದಲ್ಲಿ, ಒಂದೇ ದಿಕ್ಕಿಗೆ, ಕಮಾನಿನ ಅದೇ ಭಾಗದಲ್ಲಿ ತಿರುಗಿಸಬೇಕು. ಕಮಾನಿನ ಬುಡದಲ್ಲಿ ನುಡಿಸಿದ ಸ್ವರಕ್ಕೂ ತುದಿಯಲ್ಲಿ ನುಡಿಸಿದ ಸ್ವರಕ್ಕೂ ತೂಕ ಬೇರೆ ಎಂಬುದು ನಿಮಗೆ ಗೊತ್ತೇ ಇದೆ. ಆದ್ದರಿಂದ ಪ್ರತಿ ಪುಟದಲ್ಲೂ ಪೆನ್ಸಿಲ್ಲಿನ ಗುರುತುಗಳು ತುಂಬಿರುತ್ತವೆ. ಪೆನ್ಸಿಲ್ಲೇ ಏಕೆಂದರೆ ನಾಳೆಯ ತಾಲೀಮಿನಲ್ಲಿ ಅದನ್ನು ಅಳಿಸಬೇಕಾದೀತು. ಇಬ್ಬರಿಗೆ ಒಂದು ಸ್ಟ್ಯಾಂಡ್. ಒಳಗಿನ ಕುರ್ಚಿಯವರು ಎರಡು ಎಣಿಕೆ ನುಡಿಸುವುದನ್ನು ಬಿಟ್ಟು ಪುಟ ತಿರುವಿ ಕೊಡುತ್ತಾರೆ, ಹೊರಗಿನವರು ಆ ಎರಡು ಎಣಿಕೆ ತುಸು ಗಟ್ಟಿಯಾಗಿ ನುಡಿಸುತ್ತಾರೆ. ವೈಬ್ರಾಟೊ ಎಂಬ ಬೆರಳ ಕಂಪನವನ್ನೂ ಎಷ್ಟು ಅಗಲ, ಎಷ್ಟು ವೇಗ ಎಂದು ಮಾತಾಡಿಕೊಳ್ಳಬೇಕು. ಅದು ನಮ್ಮ ಗಮಕವಲ್ಲ. ಗಮಕ ಸ್ವರದ ಸ್ವರೂಪವೇ, ವೈಬ್ರಾಟೊ ಸ್ವರಕ್ಕೆ ಹಾಕುವ ಬಣ್ಣ. ಪ್ಯಾರ್ಟ್ ಅವರ ಕೃತಿಯಲ್ಲಿ ಆ ಬಣ್ಣವನ್ನು ಬಹುಪಾಲು ತೆಗೆದಿಟ್ಟು ನುಡಿಸುತ್ತಾರೆ. ಆಗ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಮುಚ್ಚಿಡಲು ಏನೂ ಉಳಿಯುವುದಿಲ್ಲ. ಸಿಂಫನಿ ಆರ್ಕೆಸ್ಟ್ರಾದ ಹನ್ನೆರಡನೆಯ ಪಿಟೀಲಿಗೆ ಒಂದು ದಿನ ಮೈ ಸರಿಯಿಲ್ಲದಿದ್ದರೂ ಸಂಜೆ ನಡೆದೀತು. ಇಲ್ಲಿ ನಾಲ್ಕು ವಿಯೋಲಾಗಳಲ್ಲಿ ಒಂದು ಸೋತರೆ ಕಾಲು ಭಾಗ ಸೋತಂತೆ. ಸೋಲೊ ವಾದಕರ ಹೊಣೆಯನ್ನು ಹೊತ್ತು, ಸೋಲೊ ವಾದಕರಿಗೆ ಸಿಗುವ ಚಪ್ಪಾಳೆಯ ಆಸೆಯಿಲ್ಲದೆ ಕೂರಬೇಕಾದ ಕೆಲಸ ಇದು. ಸಂಗೀತದಲ್ಲಿ ಇದಕ್ಕಿಂತ ಕಠಿಣವಾದ ಚಾಕರಿಯನ್ನು ನಾನು ಕಂಡಿಲ್ಲ.

ಇದರಿಂದಲೇ ಹಣದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಇಂಥ ಒಗ್ಗೂಡುವಿಕೆ ಕಾರ್ಯಕ್ರಮದ ಹಿಂದಿನ ದಿನ ಬಾಡಿಗೆಗೆ ಕರೆತಂದವರಿಂದ ಬರುವುದಿಲ್ಲ. ಅವರೇ ಇಪ್ಪತ್ತು ಮಂದಿ ವರ್ಷಗಟ್ಟಲೆ ಪ್ರತಿದಿನ ಬೆಳಗ್ಗೆ ಒಟ್ಟಿಗೆ ಕೂರಬೇಕು. ಟಿಕೆಟ್ಟಿನ ಹಣ ಅದಕ್ಕೆ ಸಾಲದು. ಆದ್ದರಿಂದ ಯಾರಾದರೊಬ್ಬರು ಸಂಬಳ ಕೊಡಬೇಕು, ಹಿಂದೆ ದೊರೆ, ಈಗ ಸರ್ಕಾರ. ಇದು ನಮಗೆ ಹೊಸ ಮಾತಲ್ಲ. ಮೈಸೂರು ಅರಮನೆ ಕರ್ನಾಟಕ ವಾದ್ಯಗಳ ಬ್ಯಾಂಡನ್ನೂ ಇಂಗ್ಲಿಷ್ ಬ್ಯಾಂಡನ್ನೂ ಏಕಕಾಲಕ್ಕೆ ಸಾಕಿತ್ತು, ಆ ಪರಂಪರೆ ಪೊಲೀಸ್ ಬ್ಯಾಂಡಿನಲ್ಲಿ ಇಂದಿಗೂ ಉಳಿದಿದೆ. ಜಯಚಾಮರಾಜ ಒಡೆಯರ್ ಅವರು 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ನಿಕೊಲಾಯ್ ಮೆಟ್ನರ್ ಎಂಬ ಮರೆತುಹೋಗುತ್ತಿದ್ದ ರಷ್ಯನ್ ಸಂಗೀತಕಾರ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು ಅವರಿಗೆ ಅರ್ಪಿಸಿದ್ದಾರೆ. ಸ್ವತಂತ್ರ ಭಾರತದಲ್ಲಿ ಆಕಾಶವಾಣಿ 1952ರಲ್ಲಿ ದೆಹಲಿಯಲ್ಲಿ ವಾದ್ಯವೃಂದವನ್ನು ಕಟ್ಟಿ, ರವಿಶಂಕರ್ ಅವರಿಗೂ ಟಿ. ಕೆ. ಜಯರಾಮ ಅಯ್ಯರ್ ಅವರಿಗೂ ಅದರ ಹೊಣೆ ಕೊಟ್ಟಿತು. ನಮ್ಮ ರಾಗಗಳಿಗೆ ಒಂದು ರಾಷ್ಟ್ರೀಯ ವೃಂದ ಎಂಬ ಕಲ್ಪನೆ ಇಲ್ಲಿಯೂ ಇತ್ತು. ಅದು ಇನ್ನೂ ಗಟ್ಟಿಯಾಗಿ ಬೇರೂರಬೇಕಿತ್ತು ಎಂಬ ಕೊರಗು ನನಗಿದೆ.

ಸಂಬಳಕ್ಕೆ ಪ್ರತಿಯಾಗಿ ತಂಡ ವರ್ಷವಿಡೀ ದುಡಿಯುತ್ತದೆ. ರಾಜಧಾನಿಯ ಋತುಮಾನದ ಕಾರ್ಯಕ್ರಮಗಳು, ಸಣ್ಣ ಊರುಗಳ ಚರ್ಚುಗಳಲ್ಲಿ, ಶಾಲೆಗಳಲ್ಲಿ ನುಡಿಸುವುದು, ಗಾಯಕವೃಂದಗಳಿಗೆ ಜೊತೆ ನೀಡುವುದು, ಹೊರಗಿನಿಂದ ಬಂದ ಸೋಲೊ ವಾದಕರಿಗೆ ಒತ್ತಾಸೆಯಾಗುವುದು, ತನ್ನ ನಾಡಿನವರ ಹೊಸ ಕೃತಿಗಳನ್ನು ಮೊದಲ ಬಾರಿಗೆ ನುಡಿಸುವುದು. ಎಂಬತ್ತು ಮಂದಿಯ ವೃಂದ ಹಿಡಿಸದ ವೇದಿಕೆಯಲ್ಲಿ ಇಪ್ಪತ್ತು ಮಂದಿ ಹಿಡಿಸುತ್ತಾರೆ. ಸಿಂಫನಿ ಆರ್ಕೆಸ್ಟ್ರಾ ಇದ್ದೂ ಇದು ಬೇಕಾಗುವುದು ಅದಕ್ಕೇ.

ಇಂಥ ತಂಡ ಬೆಳೆದು ಬೇರೆಯಾದದ್ದೂ ಉಂಟು. ಯೆರ್ಝಿ ಮಕ್ಸಿಮ್ಯುಕ್ 1972ರಲ್ಲಿ ಕಟ್ಟಿದ ಪೋಲಿಷ್ ಚೇಂಬರ್ ಆರ್ಕೆಸ್ಟ್ರಾದೊಂದಿಗೆ ನುಡಿಸಲು 1984ರಲ್ಲಿ ಹೆಸರಾಂತ ಪಿಟೀಲುವಾದಕ ಯೆಹೂದಿ ಮೆನುಹಿನ್ ವಾರ್ಸಾಗೆ ಬಂದಾಗ, ಅವರಿಗಾಗಿ ಇನ್ನಷ್ಟು ವಾದಕರನ್ನು ಸೇರಿಸಿಕೊಂಡ ಆ ವೃಂದವೇ ಸಿನ್ಫೋನಿಯಾ ವರ್ಸೋವಿಯಾ ಆಯಿತು. ಮೆನುಹಿನ್ ಅವರ ಭುಜದ ಬಿಗಿತವನ್ನು ಯೋಗದಿಂದ ಸಡಿಲಿಸಿ ಅವರ ಕಮಾನಿಗೆ ಮತ್ತೆ ನೆಮ್ಮದಿ ತಂದ ಬಿ. ಕೆ. ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು ಎಂಬುದನ್ನು ಪಿಟೀಲು ಹಿಡಿದ ನಿಮಗೆ ಹೇಳದೆ ಇರಲಾರೆ.

1990ರ ಮಾರ್ಚ್ 11ರಂದು ಲಿಥುವೇನಿಯಾ ಸ್ವಾತಂತ್ರ್ಯವನ್ನು ಮರಳಿ ಘೋಷಿಸಿಕೊಂಡ ಮೇಲೆ ಒಕ್ಕೂಟದ ಸಂಬಳವೂ ಮಾಸ್ಕೊದಿಂದ ಏರ್ಪಾಟಾಗುತ್ತಿದ್ದ ಪ್ರವಾಸಗಳೂ ನಿಂತವು; ಅದರೊಂದಿಗೆ ಯಾರು ಎಲ್ಲಿಗೆ ಹೋಗಬಹುದು, ಏನು ನುಡಿಸಬಹುದು ಎಂಬ ಅಪ್ಪಣೆಗಳೂ ನಿಂತವು. ಇಪ್ಪತ್ತೆಂಟು ಲಕ್ಷದ ಆಸುಪಾಸಿನ ಜನಸಂಖ್ಯೆಯ ದೇಶ ತನ್ನ ತಂಡವನ್ನು ಬಿಡಲಿಲ್ಲ. ಕ್ರೆಮರ್ 1997ರಲ್ಲಿ ಮೂರೂ ಬಾಲ್ಟಿಕ್ ದೇಶಗಳ ಎಳೆಯರನ್ನು ಸೇರಿಸಿ ಕ್ರೆಮರಾಟಾ ಬಾಲ್ಟಿಕಾ ಎಂಬ ಇನ್ನೊಂದು ಚೇಂಬರ್ ಆರ್ಕೆಸ್ಟ್ರಾವನ್ನು ಕಟ್ಟಿದರು. ಸೊಂಡೆಟ್ಸ್‌ಕಿಸ್ 2016ರ ಫೆಬ್ರವರಿಯಲ್ಲಿ ತೀರಿಕೊಂಡರು.

ಈಗ ನಿಮ್ಮ ಸಂದೇಹ. ‘ತಾಬುಲಾ ರಾಸಾ’ದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ‘ಲೂಡುಸ್’, ಆಟ. ಎರಡು ಪಿಟೀಲುಗಳು ಒಂದೇ ಸ್ವರವನ್ನು ತೀರ ಮೇಲಿನ ಸ್ಥಾಯಿಯಲ್ಲೂ ತೀರ ಕೆಳಗಿನ ಸ್ಥಾಯಿಯಲ್ಲೂ ಬಲವಾಗಿ ಹಿಡಿಯುತ್ತವೆ, ಆಮೇಲೆ ದೀರ್ಘ ಮೌನ. ಒಂದೊಂದು ಸುತ್ತಿಗೂ ಮೌನ ಕಿರಿದಾಗುತ್ತದೆ, ನಾದ ಹಿಗ್ಗುತ್ತದೆ. ನಮ್ಮ ಲಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಮೌನಕ್ಕೆ ಗೋಪುಚ್ಛ ಯತಿ, ನಾದಕ್ಕೆ ಸ್ರೋತೋವಹ ಯತಿ. ಎರಡನೆಯದು ‘ಸಿಲೆಂಟಿಯುಮ್’, ಮೌನ. ಅದರ ಸ್ವರಗಳು ನಿಮಗೆ ಪರಿಚಿತವಾದ ನಠಭೈರವಿಯವು. ಸಿದ್ಧಪಡಿಸಿದ ಪಿಯಾನೊ ಆಗಾಗ ಗಂಟೆಯಂತೆ ಮೊಳಗುತ್ತದೆ, ವೃಂದ ಅಲೆಯಲೆಯಾಗಿ ನಡೆಯುತ್ತದೆ, ಕೊನೆಗೆ ಪಿಟೀಲುಗಳು ಒಂದೊಂದಾಗಿ ಸುಮ್ಮನಾಗಿ ಎಳೆ ಕೆಳಗೆ ಕೆಳಗೆ ಇಳಿಯುತ್ತ ಡಬಲ್ ಬಾಸ್‌ಗೆ ಬಂದು ಸೇರುತ್ತದೆ. ಅದು ಅವರೋಹಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ರಿಷಭಕ್ಕೆ ಬರುತ್ತದೆ. ಮುಂದೆ ಷಡ್ಜ ಬರಬೇಕು. ಪ್ಯಾರ್ಟ್ ಅದನ್ನು ಬರೆದಿಲ್ಲ.

ನಿಮ್ಮ ಪ್ರತಿ ಪೂರ್ಣವಾಗಿಯೇ ಇದೆ. ಇನ್ನೊಮ್ಮೆ ಕೇಳುವಾಗ ಕೊಠಡಿಯ ಫ್ಯಾನನ್ನು ನಿಲ್ಲಿಸಿ, ಡಬಲ್ ಬಾಸ್ ಒಂದೇ ಉಳಿದ ಹೊತ್ತಿನಲ್ಲಿ ತಂಬೂರಿಯಿಲ್ಲದೆಯೇ ನಿಮ್ಮ ಮನಸ್ಸಿನಲ್ಲಿ ಷಡ್ಜವನ್ನು ಹಿಡಿದಿಟ್ಟುಕೊಳ್ಳಿ. ರಿಷಭ ಆರಿದ ಮೇಲೆ ಬಾನ್‌ನ ಆ ಸಭಾಂಗಣದಲ್ಲಿ ಕುಳಿತವರ ಉಸಿರು ಕೇಳಿಸುತ್ತದೆ.